ಆಡಿನ ಬಾಯಿ

ರೇವಮ್ಮ ಸಾಬೂನಿನ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವಳ ಒಂದು ಕೈಯಲ್ಲಿ ಬಟ್ಟೆಯ ಗಂಟಿತ್ತು, ಇನ್ನೊಂದರಲ್ಲಿ ಆಡಿನ ಹಗ್ಗ. ಧರ್ಮರಾಜ ಆಗಷ್ಟೇ ರಿಕ್ಷಾ ನಿಲ್ಲಿಸಿ ಚಹಾದ ಕಪ್ಪು ಎತ್ತಿದ್ದ. ಅವನು ಒಂದು ಗುಟುಕು ಕುಡಿಯುವಷ್ಟರಲ್ಲಿ ಆಡು ಊದಿನಕಡ್ಡಿಯ ಪೊಟ್ಟಣವೊಂದನ್ನು ಅರ್ಧ ತಿಂದಿತ್ತು.

"ಅದರ ಬಾಯಿ ಕಟ್ಟಬಾರದೇನ ರೇವಮ್ಮ?" ಎಂದರು ಗಲ್ಲೆಯ ಹಿಂದೆ ಕೂತಿದ್ದ ಸಾವಿತ್ರಿಬಾಯಿ.

"ಕಟ್ಟಂಗಿಲ್ರಿ ಬಾಯಾರ. ಮನಿ ಯಜಮಾನಿ ಜನಾಬಾಯಿಯವರು ಸಾಯೂ ಮುಂದ ಹೇಳಿದ ಮಾತು. ಆಡಿನ ಬಾಯಿ ಕಟ್ಟಬ್ಯಾಡ್ರಿ, ಕಟ್ಟಿದ್ರ ಮನಿ ಮುಳಗತೈತಿ ಅಂದ್ರು. ಬೀರೋಬಾಗ ಏನರ ಹರಕಿ ಹೊತ್ತಿರಬೇಕಂತ ನಾವೂ ಕಟ್ಟಲಿಲ್ಲ." ಅಷ್ಟು ಹೇಳಿ ರೇವಮ್ಮ ಮೆಟ್ಟಿಲ ಮೇಲೇ ಕುಸಿದಳು. "ಕಟ್ಟದಿದ್ರೂ ಮುಳುಗೇ ಬಿಡ್ತರಿ. ತಳಘರದಾಗ ನೀರ ಹೊಕ್ಕಾವ. ನಿನ್ನಿ ನಾ ನಳ ಬಿಟ್ಟು ಬಜಾರಕ್ಕ ಹೋಗಿದ್ನಂತ. ಸಂಜೀಕ ಖೋಲಿ ಖಾಲಿ ಮಾಡು ಅಂದಾರ ಸಾವಕಾರ್ರು."

ಸೊಲ್ಲಾಪುರದ ಹಳೇ ಪೇಟೆಯ ಆ ಮನೆಯ ಬಾಗಿಲ ಪಕ್ಕದ ಖೋಲಿಯಲ್ಲಿ ಅವಳು ಮನೆಗೆಲಸ ಮಾಡಿಕೊಂಡು ಹತ್ತೊಂಬತ್ತು ವರ್ಷ ಕಳೆದಿದ್ದಳು. ನಾಗಣಸೂರಿನ ತವರಿನಲ್ಲಿ ಈಗ ಅವಳನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಇದು ಧರ್ಮರಾಜನಿಗೆ ಗೊತ್ತಿತ್ತು. ಅವನು ಚಹಾ ಅಲ್ಲೇ ಬಿಟ್ಟು ರಿಕ್ಷಾದ ಕಡೆ ನಡೆದ. ಸಾವಿತ್ರಿಬಾಯಿ ಒಂದು ಹಳದಿ ಸಾಬೂನನ್ನು ಸೆರಗಿಗೆ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಏಳು ವರ್ಷದಿಂದ ಓಣಿಯ ಕಳೆದ ಸರ, ಕದ್ದ ಸೈಕಲ್ಲು ಎಲ್ಲವನ್ನೂ ಅವರು ಹುಡುಕಿದ್ದು ಆ ಸೀಟಿನಲ್ಲೇ ಓಡಾಡಿ. ಅದನ್ನು ಬೇರೆಯವರಿಗೆ ಹೇಳುವಾಗ ಧರ್ಮರಾಜ "ನಾವಿಬ್ರೂ ಹುಡಕಿದ್ವಿ" ಎನ್ನುತ್ತಿದ್ದ.

ರೇವಮ್ಮನ ಸಾವಕಾರ ಕಲ್ಯಾಣಪ್ಪ ಚಾದರದ ವ್ಯಾಪಾರಿ. ಮೂರು ವರ್ಷದ ಹಿಂದೆ ಸೋದರಮಾವನ ಹೆಂಡತಿ ಜನಾಬಾಯಿ ತೀರಿಕೊಂಡ ಮೇಲೆ ಅಕ್ಕಲಕೋಟೆ ಬಿಟ್ಟು ಈ ಮನೆಗೆ ಬಂದವನು. ಅಂಗಳದಲ್ಲಿ ಟೆಂಪೋ ನಿಲ್ಲಲೆಂದು ಈ ಬೇಸಿಗೆಯಲ್ಲಿ ನೆಲಕ್ಕೆಲ್ಲ ಹೊಸ ಫರಸಿ ಕಲ್ಲು ಹಾಕಿಸಿದ್ದ. ರೇವಮ್ಮನನ್ನೂ ಆಡನ್ನೂ ಕರೆದುಕೊಂಡು ಇವರು ಹೋದಾಗ ಅವನ ಮಗ ಗುರುಶಾಂತ ಬಾಡಿಗೆಯ ದೊಡ್ಡ ಪಂಪಿನ ಪೈಪನ್ನು ತಳಘರಕ್ಕೆ ಇಳಿಸುತ್ತಿದ್ದ.

"ನಿಲ್ಲಪಾ," ಎಂದರು ಸಾವಿತ್ರಿಬಾಯಿ. "ಮೊದಲು ಮೇನ್ ಸ್ವಿಚ್ ಬಂದ್ ಮಾಡು. ನೀರಾಗ ಕರೆಂಟ್ ಇದ್ರ ಚಾದರ ಉಳಿದು ನೀ ಹೋಗ್ತಿ. ಪಂಪ್ ಇರಲಿ, ಸಂಜೀತನಕ ಮುಟ್ಟಬ್ಯಾಡ."

"ಇದರಾಗ ಪತ್ತೆ ಹಚ್ಚೂದೇನೈತ್ರಿ?" ಎಂದ ಕಲ್ಯಾಣಪ್ಪ. "ಮಳಿ ನಿಂತು ಎಂಟ ದಿನ ಆತು. ಓಣಿಗೆ ನಳ ಬಂದದ್ದು ನಿನ್ನಿ. ನಳದ ಬಾಜೂಕ ತಳಘರದ ಗವಾಕ್ಷಿ. ಈಕಿ ಅಲ್ರಿ ಅಂದ್ರ ಬಾಜೂ ಮನಿ ಸಿದ್ದರಾಮಪ್ಪನ ಮೋರಿ ಒಡದಿರಬೇಕು. ಇಬ್ಬರಾಗ ಒಬ್ಬರು."

"ಮೂರನೆಯವರೂ ಇರಬಹುದಲ್ಲ," ಎನ್ನುತ್ತ ಸಾವಿತ್ರಿಬಾಯಿ ಮೆಟ್ಟಿಲಿಳಿದರು.

ಧರ್ಮರಾಜ ಬ್ಯಾಟರಿ ಹಿಡಿದು ಹಿಂದೆ ಹೋದ. ಕಲ್ಲಿನ ತಳಘರದಲ್ಲಿ ಒಂದು ಗೇಣು ನೀರು ಅಲುಗದೆ ನಿಂತಿತ್ತು. ನೆಲಕ್ಕೆ ಒಟ್ಟಿದ್ದ ಚಾದರದ ಗಂಟುಗಳಲ್ಲಿ ಕೆಳಗಿನ ಸಾಲು ನೆನೆದಿತ್ತು, ಮೇಲಿನವು ಒಣಗಿಯೇ ಇದ್ದವು. ಸಾವಿತ್ರಿಬಾಯಿ ಬೆಳಕನ್ನು ಗವಾಕ್ಷಿಯತ್ತ ತಿರುಗಿಸಲು ಹೇಳಿದರು. ಅಲ್ಲಿ ಕೈಯಗಲದ ಜೇಡರ ಬಲೆ, ಬಲೆಯ ತುಂಬ ಒಣ ಧೂಳು.

"ಕೈ ತೊಳಕೋ," ಎಂದು ಅವರು ಸಾಬೂನು ಕೊಟ್ಟರು.

"ಇಲ್ಲೇನ್ರಿ?"

"ಇಲ್ಲೇ."

ಧರ್ಮರಾಜ ಬಗ್ಗಿ ನೀರಿನಲ್ಲಿ ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಕೈಗೆ ಒಡೆದ ಹಾಲಿನಂಥ ಗಸಿ ಮೆತ್ತಿಕೊಂಡಿತು. ಮೇಲೆ ಬಂದು ನಿನ್ನೆಯ ನಳದ ನೀರಿನಲ್ಲಿ ತೊಳೆದಾಗ ಅದೇ ಸಾಬೂನು ಬುಸುಬುಸು ನೊರೆಯಾಯಿತು. "ನಕಲಿ ಮಾಲೇನ್ರಿ ಬಾಯಾರ?" ಎಂದು ಅವನು ಕಿಚಾಯಿಸಿದ. ಅವರು ನಗಲಿಲ್ಲ. ಅಂಗಳದಲ್ಲಿ ಅಡ್ಡಾಡುತ್ತಿದ್ದ ಆಡನ್ನೇ ನೋಡುತ್ತಿದ್ದರು. ಹೊಸ ಫರಸಿಯ ಮೇಲೆ ಅದರ ಗೊರಸು ಟಕ್ ಟಕ್ ಎನ್ನುತ್ತಿತ್ತು. ತುಳಸಿಯ ಹತ್ತಿರ ಹೋದಾಗ ಮಾತ್ರ ಡಬ್ ಡಬ್ ಎಂದಿತು.

ಸಿದ್ದರಾಮಪ್ಪನ ಮನೆ ಗೋಡೆಗೆ ಗೋಡೆ ಅಂಟಿಕೊಂಡಿತ್ತು. ಆ ಮನೆಗೆ ತಳಘರವಿರಲಿಲ್ಲ, ಮನೆಯವರ ಮಾತು ಅರ್ಧ ಮರಾಠಿ. ಮೋರಿಯ ಸುದ್ದಿ ಕೇಳಿದ್ದೇ ಮುದುಕ ಸಿಡಿದುಬಿದ್ದ. "ನನ್ನ ಮೋರಿ ನೀರು ಕರ್ರಗ ನಾರತೈತಿ. ಅವನ ತಳಘರದ ನೀರು ಅತ್ತರಿನಂಗ ನಿಚ್ಚಳ ಐತಿ ಅಂತ ಓಣಿನ ಹೇಳಾಕತ್ತೈತಿ!" ಆಮೇಲೆ ಕೊಂಚ ತಣ್ಣಗಾಗಿ, "ನೀರಿಗೆ ನಮಗೇನೂ ಕಡಿಮಿ ಇಲ್ಲವಾ. ನಮ್ಮ ಆಡ ಮೂರು ಪೀಳಿಗಿಯಿಂದ ಬತ್ತಿಲ್ಲ," ಎಂದ.

ಧರ್ಮರಾಜ ಸುತ್ತ ನೋಡಿದ. ಭಂಡಾರಕವಠೆಯ ಅವನ ಮನೆಯಲ್ಲೂ ಆಡುಗಳಿದ್ದವು, ಮೂರು ಪೀಳಿಗೆ ಬದುಕಿದ್ದು ಒಂದೂ ಇರಲಿಲ್ಲ. "ದಿನಾ ಎಷ್ಟು ಲೀಟರ್ ಕೊಡತೈತ್ರಿ?"

"ಲೀಟರ್ ಏನ ಲೆಕ್ಕ? ಕೊಡಗಟ್ಟಲೇ! ಜನಾಬಾಯಿ ಇದ್ದಾಗ ಆಕಿದೂ ಹಂಗ ಇತ್ತು. ಮಳಿಗಾಲದಾಗ ಎರಡ ತಾಸು ಮೋಟಾರ್ ಹಚ್ಚಿ ಓಣಿಗೆಲ್ಲ ಹಂಚತಿದ್ಳು. ಆಕಿ ಹೋದ ಮ್ಯಾಲೂ ಹೋದ ವರ್ಷದತನಕ ಮಂದಿ ಬಂದು ಒಯ್ತಿದ್ರು."

ಆಡಿಗೆ ಮೋಟಾರು! ಮುದುಕನ ತಲೆ ಕೆಟ್ಟಿದೆ ಎಂದುಕೊಂಡ ಧರ್ಮರಾಜ. ಸಾವಿತ್ರಿಬಾಯಿ ಮಾತ್ರ ಆ ದಿನ ಮೊದಲ ಸಲ ನಕ್ಕರು. ಒಂದು ಹಗ್ಗ, ಒಂದು ಕಲ್ಲು ಕೇಳಿದರು. ಸಿದ್ದರಾಮಪ್ಪನ ಹಿತ್ತಲಲ್ಲಿ ಏನನ್ನೋ ಅಳೆದು, ಹಗ್ಗಕ್ಕೆ ಗಂಟು ಹಾಕಿಕೊಂಡು ಬಂದರು.

"ಜನಾಬಾಯಿಯ ತವರು ಯಾವುದು?" ಎಂದು ಬಾಗಿಲಲ್ಲಿ ಕಾದಿದ್ದ ರೇವಮ್ಮನನ್ನು ಕೇಳಿದರು.

"ಮಂಗಳವೇಢಾ ಕಡೆ ಮರವಡೆ ರೀ. ಕನ್ನಡ ಆಡತಿದ್ರು, ನಡುನಡುವ ಮರಾಠಿ ಬರತಿತ್ತು."

ಹೊತ್ತು ಇಳಿಯುವ ಮೊದಲೇ ಎಲ್ಲರೂ ಅಂಗಳದಲ್ಲಿ ಸೇರಿದರು. ಬಾಗಿಲಲ್ಲಿ ರೇವಮ್ಮನ ಗಂಟು ಹಾಗೇ ಇತ್ತು. ಸಾವಿತ್ರಿಬಾಯಿ ತುಳಸಿಯ ಕಟ್ಟೆಯ ಮೇಲೆ ಕೂತರು.

"ಕಲ್ಯಾಣಪ್ಪ, ನೀರು ಮ್ಯಾಲಿಂದ ಬಿದ್ದಿದ್ರ ಮ್ಯಾಲಿನ ಗಂಟು ಮೊದಲು ತೊಯ್ಯಬೇಕಿತ್ತು, ಗವಾಕ್ಷಿ ಬಲಿ ಹರಿಬೇಕಿತ್ತು. ಎರಡೂ ಆಗಿಲ್ಲ. ನಳದ ನೀರಿನಾಗ ಸಾಬೂನು ನೊರಿ ಬಿಡತೈತಿ, ತಳಘರದ ನೀರಿನಾಗ ಬಿಡಲಿಲ್ಲ. ಧರ್ಮರಾಜನ ಕೈ ಸಾಕ್ಷಿ. ಅಂದ್ರ ಅದು ನಳದ್ದಲ್ಲ. ಮೋರಿದೂ ಅಲ್ಲ, ವಾಸನಿ ಇಲ್ಲ. ಅದು ಭೂಮಿ ಒಳಗಿನ ಗಡಸು ನೀರು, ಬುಡದಿಂದ ಏರೈತಿ."

"ಎಂಟು ದಿನದಿಂದ ಮಳಿ ಇಲ್ಲಲ್ರಿ?" ಎಂದ ಗುರುಶಾಂತ.

"ಮಣ್ಣಿನಾಗ ಇಂಗಿದ್ದು ಸಾವಕಾಶ ಬರತೈತಿ." ಅವರು ಹಗ್ಗವನ್ನು ಧರ್ಮರಾಜನಿಗೆ ಕೊಟ್ಟು, ಅಂಗಳದಲ್ಲಿ ಚಾದರದ ಗಂಟು ಇಳಿಸುವ ಕಿಂಡಿಯಿಂದ ಕಲ್ಲನ್ನು ತಳಘರಕ್ಕೆ ಬಿಡಿಸಿದರು. ಕಲ್ಲು ನೀರು ಮುಟ್ಟಿತು. ಹಗ್ಗದ ಗಂಟು ಸರಿಯಾಗಿ ಕಿಂಡಿಯ ಅಂಚಿನಲ್ಲಿ ನಿಂತಿತು. "ಆ ಗಂಟು ಸಿದ್ದರಾಮಪ್ಪನ ಭಾವಿ ನೀರಿನ ಅಳತಿ. ಎರಡೂ ಮನಿ ನೆಲ ಒಂದೇ ಮಟ್ಟ, ಎರಡೂ ನೀರು ಒಂದೇ ಮಟ್ಟ. ನಿಮ್ಮ ತಳಘರ ಈಗ ಭಾವಿ ಆಗೈತಿ."

"ಹಿಂದ ಎಂದೂ ಆಗಿಲ್ಲಲ್ರಿ!" ಎಂದ ಕಲ್ಯಾಣಪ್ಪ.

"ಯಾಕಂದ್ರ ಹಿಂದ ಈ ಅಂಗಳದಾಗೂ ಭಾವಿ ಇತ್ತು. ಮಂದಿ ದಿನಾ ಸೇದತಿದ್ರು, ತಳಘರದ ಸುತ್ತಿನ ನೀರು ಅಲ್ಲಿಗೆ ಇಳೀತಿತ್ತು. ಅದು ಈಗೆಲ್ಲೈತಿ?"

ಆಡು ಡಬ್ ಡಬ್ ಎನ್ನುತ್ತ ತುಳಸಿಯ ಕಡೆ ಬಂತು.

"ಫರಸಿ ಕೆಳಗೈತ್ರಿ," ಎಂದ ಕಲ್ಯಾಣಪ್ಪ ಮೆಲ್ಲಗೆ. "ಸ್ಲ್ಯಾಬ್ ಹಾಕಿಸಿ ನಾನ ಮುಚ್ಚಿಸೀನಿ. ಮೋಟಾರೂ ತಗಸೀನಿ. ಹಿಂಗಾಗತೈತಿ ಅಂತ ಯಾರು ಹೇಳಿದ್ರು ನನಗ?"

"ನಿಮ್ಮತ್ತಿ ಹೇಳಿದ್ಳು. ಕಡೀಕ ನೀವು ನೋಡಾಕ ಬಂದಾಗ ನಿಮಗೂ ರೇವಮ್ಮಗೂ ಹೇಳಿದ್ಳು. ಮರವಡೆ ಮಂದಿ ಮನಿಯ ಭಾವಿಗೆ ಏನಂತಾರ, ಸಿದ್ದರಾಮಪ್ಪ?"

"ಆಡ," ಎಂದ ಮುದುಕ. "ನಾನೂ ಹಂಗ ಅಂತೀನಿ."

ಧರ್ಮರಾಜನ ಕಿವಿ ಬಿಸಿಯಾಯಿತು. ಕೊಡಗಟ್ಟಲೆ ಕೊಡುವ ಆಡು!

"ಆಡಿನ ಬಾಯಿ ಕಟ್ಟಬ್ಯಾಡ್ರಿ," ಎಂದು ಸಾವಿತ್ರಿಬಾಯಿ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಕಟ್ಟಿದ್ರ ಮನಿ ಮುಳಗತೈತಿ. ದಿನಾ ಭಾವಿ ಅಂತಿದ್ದಾಕಿ ಬಾಯಾಗ ಸಾಯೂ ಮುಂದ ತವರಿನ ಮಾತು ಬಂತು. ಕುರಿ ಕಾಯೂ ಮನಿಯಿಂದ ಬಂದಾಕಿ ರೇವಮ್ಮ, ಆಕಿಗೆ ಆಡಂದ್ರ ಇದು. ನೀವು ಅಕ್ಕಲಕೋಟಿಯವರು, ನಿಮಗೂ ಇದ. ಎಲ್ಲಾರೂ ಕೂಡಿ ಮೂರು ವರ್ಷ ಈ ಪ್ರಾಣಿಯ ಬಾಯಿ ಕಾದ್ರಿ, ಆ ಬಾಯಿ ಕಟ್ಟಿಬಿಟ್ರಿ."

ಮುಂದೇನು ಮಾಡಬೇಕೆಂದು ಕಲ್ಯಾಣಪ್ಪ ಕೇಳಿದ.

"ನಾಳೆ ಸ್ಲ್ಯಾಬ್ ಒಡೆಸಿ ಭಾವಿ ಬಾಯಿಗೆ ಕಬ್ಬಿಣದ ಜಾಳಿಗಿ ಕೂಡಸ್ರಿ. ಮೋಟಾರ್ ತಿರುಗಿ ಹಚ್ಚಿ ಮೊದಲು ಭಾವಿ ನೀರು ಇಳಸ್ರಿ, ತಳಘರದ್ದು ದಿನಾ ನಾಲ್ಕ ಬೆರಳಷ್ಟ ಎತ್ತರಿ. ಹೊರಗಿನ ಮಣ್ಣು ಇನ್ನೂ ನೀರು ಕುಡದು ನಿಂತೈತಿ. ಒಳಗ ಒಮ್ಮಿಗೇ ಖಾಲಿ ಮಾಡಿದ್ರ ಈ ಹಳೀ ಗೋಡಿ ಒಳಗ ಬೀಳತಾವ. ಇನ್ಮ್ಯಾಲೆ ಗಂಟು ನೆಲಕ್ಕ ಇಡಬ್ಯಾಡ್ರಿ, ಕಲ್ಲಿನ ಮ್ಯಾಲೆ ಹಲಗಿ ಹಾಕಿ ಇಡ್ರಿ."

ಗುರುಶಾಂತ ಪಂಪಿನ ಪೈಪನ್ನು ಸುತ್ತತೊಡಗಿದ. ಕಲ್ಯಾಣಪ್ಪ ಬಾಗಿಲಿಗೆ ಹೋಗಿ ರೇವಮ್ಮನ ಗಂಟನ್ನು ಎತ್ತಿಕೊಂಡ. ಸಾವಕಾರ ಗಂಟು ಹೊತ್ತದ್ದನ್ನು ಧರ್ಮರಾಜ ಎಂದೂ ಕಂಡಿರಲಿಲ್ಲ. ಖೋಲಿಯೊಳಗೆ ಇಟ್ಟು ಬಂದವನು ಅವಳ ಮುಖ ನೋಡದೆ, "ತಪ್ಪಾತವ್ವಾ," ಎಂದ. ರೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಆಡು ಕಲ್ಯಾಣಪ್ಪನ ಧೋತರದ ಚುಂಗಿಗೆ ಬಾಯಿ ಹಾಕಿತು.

"ಈಗರ ಇದರ ಬಾಯಿ ಕಟ್ಟಬೇ!" ಎಂದು ಅವನು ಜಿಗಿದ.

"ಇಲ್ರಿ ಸಾವಕಾರ್ರ," ಎಂದಳು ರೇವಮ್ಮ. ಬೆಳಗಿನಿಂದ ಮೊದಲ ಸಲ ಅವಳ ದನಿ ಗಟ್ಟಿಯಾಗಿತ್ತು. "ಜನಾಬಾಯಿಯವರು ಎರಡೂ ಆಡಿಗೆ ಕೂಡಿಸಿ ಹೇಳಿದ್ರೋ ಏನೋ. ಈ ಸಲ ನಾ ಧೈರ್ಯ ಮಾಡಂಗಿಲ್ಲ."