ಹೊಂಡ ತಿಳಿಯಾಗುವವರೆಗೆ

"ಇಳೀರಿ ಕೆಳಗೆ!" ಎಂದು ಕೂಗಿದೆ.

ಡೋಜರ್ ಓಡಿಸುತ್ತಿದ್ದವನಿಗೆ ಅದರ ಸದ್ದಿನಲ್ಲಿ ಕೇಳಿಸಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಎತ್ತಿ ಅಲ್ಲಾಡಿಸಿದೆ. ಒಳಗಿನ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. ಅವನು ಎಂಜಿನ್ ಆರಿಸಿ, "ಬೇಡ ಮೇಡಂ, ನಂದು ಚಹಾ ಈಗಷ್ಟೇ ಆಯ್ತು," ಎಂದ.

ನಾನು ನಗಲಿಲ್ಲ. ಆ ಗಣಿಯಲ್ಲಿ ಒಬ್ಬಳೇ ಇದ್ದೂ ಇದ್ದೂ ನಗುವ ಅಭ್ಯಾಸ ತಪ್ಪಿಹೋಗಿತ್ತು. ಕಲ್ಲಿದ್ದಲು ತೆಗೆದು ಮುಗಿದಿತ್ತು. ಗುಂಡಿಗೆ ಮಣ್ಣು ತುಂಬಿ, ಇಳಿಜಾರು ಮಾಡಿ, ಹುಲ್ಲು ಬೆಳೆಸುವ ಕೆಲಸ ನಡೆದಿತ್ತು. ಮಳೆಗೆ ಕೊಚ್ಚಿಬಂದ ಮಣ್ಣು ಕೆಳಗಿನ ಹಳ್ಳ ಸೇರದಿರಲೆಂದು ನಡುವೆ ಒಂದು ಹೊಂಡ ತೋಡಿದ್ದರು. ಆ ಹೊಂಡಕ್ಕೆ ಬರುವ ನೀರು ಎಷ್ಟು ಕದಡಿದೆ ಎಂದು ನೋಡುವುದೇ ನನ್ನ ಕೆಲಸ.

"ಇಳಿಜಾರಿಗೆ ಅಡ್ಡಡ್ಡ ಓಡಿಸ್ತಿದೀರಲ್ಲ, ಯಾರು ಹೇಳ್ಕೊಟ್ರು?"

"ಮೇಲೆ ಕೆಳಗೆ ಓಡಿಸಿದ್ರೆ ಸೊಂಟ ಬಿದ್ದುಹೋಗುತ್ತೆ ಮೇಡಂ."

ಡೋಜರ್‌ನ ಚೈನಿನ ಅಡ್ಡಪಟ್ಟಿಗಳು ಮಣ್ಣಿನಲ್ಲಿ ಮೂಡಿಸಿದ್ದ ಗೀರುಗಳ ಮೇಲೆ ಬಾಟಲಿ ಬಗ್ಗಿಸಿದೆ. ಗೀರುಗಳೆಲ್ಲ ಕೆಳಮುಖವಾಗಿದ್ದವು. ನೀರು ಚರಂಡಿ ಸಿಕ್ಕಿದಂತೆ ಓಡಿತು.

"ನೋಡಿ. ಮೇಲೆ ಕೆಳಗೆ ಓಡಿಸಿದ್ರೆ ಗೀರು ಅಡ್ಡ ಬೀಳುತ್ತೆ. ನೀರು ಅಲ್ಲೇ ನಿಲ್ಲುತ್ತೆ, ಬೀಜವೂ ನಿಲ್ಲುತ್ತೆ."

ಅವನು ನೀರನ್ನು ನೋಡಿದ. ಆಮೇಲೆ ನನ್ನನ್ನು, ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.

"ನಿಲ್ಲುತ್ತೆ," ಎಂದ.

ಅಂದು ಸಂಜೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಯಾರೇ ಅವನು ಕೆಸರಪ್ಪ? ನೋಡೋಕೆ ಹೇಗಿದ್ದಾನೆ?"

"ನಾನು ನೋಡ್ಲಿಲ್ಲ."

"ಅಯ್ಯೋ ಪಾಪ, ಕಣ್ಣಿಗೆ ಕೆಸರು ಬಿದ್ದಿತ್ತೇನೋ."

ನೋಡಿದ್ದೆ. ಎಡ ಹುಬ್ಬಿನಲ್ಲಿ ಒಣಗಿದ ಮಣ್ಣು, ನಗುವ ಮೊದಲು ಕೆಳತುಟಿ ಕಚ್ಚಿಕೊಳ್ಳುವುದು, ಎಲ್ಲವನ್ನೂ.

ಆಮೇಲೆ ಪ್ರತಿ ಮಳೆಯ ಮರುದಿನ ನಾನು ಹೊಂಡದ ಏರಿಯ ಮೇಲೆ ನಿಂತು ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಅವನು ಗುಡ್ಡದ ಮೇಲಿಂದ ಕೈ ಎತ್ತಿ 'ಹೇಗಿದೆ?' ಎಂದು ಕೇಳುತ್ತಿದ್ದ. ಅಷ್ಟು ದೂರದಿಂದ ಅವನಿಗೆ ಬಣ್ಣ ಕಾಣುವುದು ಸಾಧ್ಯವೇ ಇರಲಿಲ್ಲ. ಆದರೂ ಕೇಳುತ್ತಿದ್ದ, ನಾನೂ ತೋರಿಸುತ್ತಿದ್ದೆ. ಆಮೇಲೆ ಕಬ್ಬಿಣದ ಮಂಚ, ಒಂದು ಕುರ್ಚಿ ಇದ್ದ ನನ್ನ ಕೋಣೆಗೆ ಹೋಗಿ, ಇಡೀ ದಿನ ಆ ಎತ್ತಿದ ಕೈಯನ್ನೇ ನೆನೆಯುತ್ತಿದ್ದೆ.

ಮಧ್ಯಾಹ್ನ ಅವನು ಮನೆಗೆ ಓಡುತ್ತಿದ್ದ. ಅವನ ಅಪ್ಪ ಇದೇ ಗಣಿಯೊಳಗೆ ದುಡಿದು ಎದೆ ಹಾಳು ಮಾಡಿಕೊಂಡವರು. ಊಟ, ಔಷಧಿ, ಸ್ನಾನ ಎಲ್ಲವೂ ಇವನ ಕೈಯಲ್ಲೇ.

ಹುಲ್ಲು ಬಂತು. ನೀರು ತಿಳಿಯಾಗುತ್ತ ಹೋಯಿತು. ಒಂದು ದಿನ ಮ್ಯಾನೇಜರ್, "ಇನ್ನೊಂದು ಒಳ್ಳೇ ಮಳೆಗೆ ನೀರು ಹೀಗೇ ಬಂದ್ರೆ ಹೊಂಡ ಮುಚ್ಚಿಬಿಡೋಣ. ನೀವು ಹೊಸ ಗಣಿಗೆ ಹೊರಡಬಹುದು," ಎಂದರು.

ಅವನಿಗೆ ಹೇಳಿದೆ. "ಹೌದಾ," ಎಂದ. ಡೋಜರ್‌ನ ಗಾಜನ್ನು ಒರೆಸುತ್ತಲೇ ಇದ್ದ. ಗಾಜು ಆಗಲೇ ಸ್ವಚ್ಛವಾಗಿತ್ತು.

ಮಳೆ ಬಂತು. ಮರುದಿನ ಬಾಟಲಿಯಲ್ಲಿ ನೀರು ಕದಡಿತ್ತು.

ಹರಿದ ಜಾಡು ಹಿಡಿದು ಗುಡ್ಡ ಹತ್ತಿದೆ. ಹಸಿರಿನ ನಡುವೆ ಇಳಿಜಾರಿಗೆ ಅಡ್ಡಲಾಗಿ ಹುಲ್ಲು ಕಿತ್ತುಬಂದ ಒಂದು ಪಟ್ಟಿ. ಅದರಲ್ಲಿ ಗೀರುಗಳೆಲ್ಲ ಕೆಳಮುಖ. ಹೊಸವು. ಪಕ್ಕದಲ್ಲೇ ಅವನು ನಿಂತಿದ್ದ, ತಪ್ಪಿಸಿಕೊಳ್ಳುವ ಯೋಚನೆಯೇ ಇಲ್ಲದೆ.

"ಗೊತ್ತಿದ್ದೂ ಮಾಡಿದ್ರಾ?"

"ಹ್ಞೂಂ."

"ಹೊಂಡ ಇಲ್ದೆ ಇದ್ದಿದ್ರೆ ಈ ಕೆಸರೆಲ್ಲ ಹಳ್ಳಕ್ಕೆ ಹೋಗ್ತಿತ್ತು!"

"ಹೊಂಡ ಇದೆ ಅಂತಾನೇ ಮಾಡಿದ್ದು."

"ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಉಳೀತಿದ್ರಾ?"

ಇಲ್ಲಿ ನನಗಿನ್ನು ಕೆಲಸವಿರಲಿಲ್ಲ. ಹೊಸ ಗಣಿಗೆ ಬರಲು ಅವನು ಅಪ್ಪನನ್ನು ಬಿಡುವಂತಿರಲಿಲ್ಲ. "ಇಲ್ಲ," ಎಂದೆ.

"ಅದಕ್ಕೇ ಹೇಳ್ಲಿಲ್ಲ."

"ಆದ್ರೂ ಹೇಳ್ಬೇಕಿತ್ತು."

"ಸರಿ, ಈಗ ಹೇಳ್ತಿದೀನಿ. ಹೋಗ್ಬೇಡಿ."

ಬೆಳಿಗ್ಗೆ ಕದಡಿದ ನೀರನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಅದನ್ನು ಅವನಿಗೂ ಹೇಳಿದೆ. ಅವನು ತುಟಿ ಕಚ್ಚಿಕೊಂಡ. ಈ ಸಲ ನಗು ಬರಲಿಲ್ಲ.

ಇಬ್ಬರೂ ಮಂಡಿಯೂರಿ ಆ ಪಟ್ಟಿಯನ್ನು ಕೈಯಾರೆ ಸರಿಮಾಡಿದೆವು. ಗೀರುಗಳನ್ನು ಅಳಿಸಿ, ಅಡ್ಡಕ್ಕೆ ಹೊಸದಾಗಿ ಎಳೆದು, ಬೀಜ ಚೆಲ್ಲಿ, ಮೇಲೆ ಒಣಹುಲ್ಲು ಹೊದಿಸಿದೆವು. ಒಣಹುಲ್ಲಿನಡಿ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಇಷ್ಟು ಚೆನ್ನಾಗಿ ಮಾಡ್ತಿದೀವಿ, ಬೇಗ ಬೆಳೆದುಬಿಡುತ್ತೆ," ಎಂದ ಬೇಸರದಿಂದ.

ಬೆಳೆಯಿತು. ಮುಂದಿನ ದೊಡ್ಡ ಮಳೆಗೆ ನೀರು ತಿಳಿಯಾಗಿ ಬಂತು.

ಹೊಂಡ ಮುಚ್ಚುವ ದಿನ ಅವನು ಡೋಜರ್ ಮೇಲಿಂದ ಎಂದಿನಂತೆ ಕೈ ಎತ್ತಿದ. ನಾನು ಬಾಟಲಿಯನ್ನು ಅಡ್ಡವಾಗಿ ಬೆಳಕಿಗೆ ಹಿಡಿದೆ. ಅದರಾಚೆ ಅವನು ತಲೆಕೆಳಗಾಗಿ, ಸ್ಪಷ್ಟವಾಗಿ ಕಂಡ. ಎತ್ತಿದ ಕೈಯನ್ನು ಅವನು ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ಹೊಂಡದ ಏರಿಯನ್ನು ಒಡೆದ.

ಹೊಸ ಗಣಿಯಲ್ಲಿ ಮೊದಲ ಮಳೆಯ ಮರುದಿನ ಬಾಟಲಿ ತುಂಬಿ, ಗುಡ್ಡದ ಕಡೆಗೆ ಎತ್ತಿ ಹಿಡಿದೆ. ಮೇಲೆ ಯಾವನೋ ಡೋಜರ್ ಓಡಿಸುತ್ತಿದ್ದ. ನೋಡುತ್ತ ನಿಂತೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಒಂದು ಗೀರೂ ತಪ್ಪಿರಲಿಲ್ಲ. ಬೈಯುವುದಕ್ಕೆ ಏನೂ ಇರಲಿಲ್ಲ.