ಕೆಂಪು ಬೊಟ್ಟಿನ ಸ್ಪ್ಯಾನರ್

ಸಿದ್ದೇಶ್ ಬಲಗೈ ಮೇಲೆ ಚಾಚಿದ. ಬೆರಳಿಗೆ ಕಬ್ಬಿಣ ಸಿಗಲಿಲ್ಲ.

ಇನ್ನೊಮ್ಮೆ ತಡಕಿದ. ಪಿಕಪ್ಪಿನ ಹೊಟ್ಟೆಯಡಿ ಅಂಗಾತ ಮಲಗಿದ್ದ. ಹಲ್ಲಿನ ನಡುವೆ ಟಾರ್ಚು. ಎದೆಯ ಮೇಲೆ, ಮುಂದಿನ ಚಕ್ರಗಳಿಗೆ ಜೋಡಿಸಬೇಕಾದ ಉದ್ದನೆಯ ಶಾಫ್ಟು. ಅದರ ತುದಿ ಹೋಗಿ ಕೂರಬೇಕಾದ ಜಾಗ ಖಾಲಿ. ಗೇರ್‌ಬಾಕ್ಸಿನ ಬೋಳು ಬೆನ್ನು ಮಾತ್ರ ಕಾಣುತ್ತಿತ್ತು.

“ಮಾದೇವಣ್ಣಾ,” ಎಂದ. ಟಾರ್ಚು ಬಾಯಿಂದ ಜಾರಿತು. “ಟ್ರಾನ್ಸ್‌ಫರ್ ಕೇಸ್ ಎಲ್ಲಿ?”

“ಎಲ್ಲಿ ಅಂದ್ರೆ? ನೀನೇ ತಾನೆ ಕೂರ್ಸಿದ್ದು?”

“ಕೂರ್ಸಿದ್ದೆ. ಈಗಿಲ್ಲ. ಬಂದು ನೋಡಣ್ಣ.”

ಮಹದೇವು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಅಯ್ಯೋ ಶಿವನೇ,” ಎಂದ.

ಮಂಡಿ ಮೊಹಲ್ಲಾದ ಆ ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳಿಂದ ಒಂದೇ ಗಾಡಿಯ ಜಪ. ಐವತ್ತೆಂಟನೇ ಇಸವಿಯ ಫೋರ್ ವೀಲ್ ಡ್ರೈವ್ ಪಿಕಪ್. ಎಳೆದು ತಂದಾಗ ಅದರ ಹಿಂಬದಿಯ ತೊಟ್ಟಿಯಲ್ಲಿ ಬೇವಿನ ಗಿಡ ಬೆಳೆದಿತ್ತು. ಇಂಜಿನ್, ಗೇರು, ಚಕ್ರ ಸಿದ್ದೇಶನ ಪಾಲು. ತಗಡು, ಬಣ್ಣ ಮಾಲೀಕ ಮಹದೇವುವಿನ ಪಾಲು. ಇವತ್ತು ಹನ್ನೊಂದಕ್ಕೆ ಗಾಡಿ ರಸ್ತೆಗೆ ಇಳಿಯಬೇಕಿತ್ತು. ಇಳಿದ ದಿನ ಗ್ಯಾರೇಜಿನ ಬೋರ್ಡಿನಲ್ಲಿ ಸಿದ್ದೇಶನ ಹೆಸರೂ ಬರಬೇಕಿತ್ತು. ಹನ್ನೆರಡು ವರ್ಷ ಅಲ್ಲಿ ದುಡಿದವನಿಗೆ ಮಹದೇವು ಕೊಟ್ಟ ಮಾತು ಅದು.

ಕಳುವಾದದ್ದು ನಲವತ್ತು ಕೆಜಿ ತೂಕದ ಕಬ್ಬಿಣದ ಗಂಟು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ಹಂಚುವುದು ಅದೇ. ಅದಿಲ್ಲದೆ ಗಾಡಿ ಗೇಣುದ್ದ ಸರಿಯದು.

* * *

ಠಾಣೆಯಿಂದ ಬಂದ ಎ.ಎಸ್.ಐ. ರವಿಚಂದ್ರ ಮೊದಲು ಬಾಗಿಲಿನ ಬೀಗ ನೋಡಿದರು. ಒಡೆದಿರಲಿಲ್ಲ.

“ಕೀ ಯಾರತ್ರ ಇರುತ್ತೆ?”

“ನಂದೊಂದು, ಇವನದೊಂದು,” ಎಂದ ಮಹದೇವು.

“ಸಾಮಾನು ಕೊನೇ ಸಲ ಕಣ್ಣಿಗೆ ಬಿದ್ದಿದ್ದು?”

“ಮೊನ್ನೆ ಸಾರ್. ಆಯುಧಪೂಜೆ ದಿನ ಬೆಳಗ್ಗೆ,” ಎಂದ ಸಿದ್ದೇಶ್. “ಪೂಜೆ ಆದ ಮೇಲೆ ನಾನು ಮನೆಗೆ ಹೋದೆ. ನಿನ್ನೆ ಜಂಬೂಸವಾರಿ, ಬಾಗಿಲೇ ತೆಗೀಲಿಲ್ಲ.”

ಗೋಡೆಯ ಪಕ್ಕದ ಪೂಜೆಯ ಹಲಗೆಯನ್ನು ಇನ್ನೂ ಕದಲಿಸಿರಲಿಲ್ಲ. ಸುತ್ತಿಗೆ, ಡ್ರಿಲ್ಲು, ವೆಲ್ಡಿಂಗಿನ ಮುಖವಾಡ, ಬಾಡಿದ ಸೇವಂತಿಗೆ. ಹಚ್ಚಿದ ಕುಂಕುಮ ಒಣಗಿ ಪುಡಿಯಾಗಿ ಉದುರಿತ್ತು. ಸಿದ್ದೇಶನ ಹಸಿರು ಪೆಟ್ಟಿಗೆ ಮಾತ್ರ ಬೇರೆಯಾಗಿ ಮೂಲೆಯಲ್ಲಿತ್ತು. ಮುಚ್ಚಳದ ಮೇಲೆ ಒಂದೇ ಒಂದು ಹೂವು. ಸಿದ್ದೇಶನ ಮನೆಯವರು ಬೌದ್ಧರು. ಹಬ್ಬದ ದಿನ ಅವನು ತನ್ನ ಸಾಮಾನುಗಳಿಗೆ ಎಣ್ಣೆ ಒರೆಸಿಡುತ್ತಿದ್ದ, ಕುಂಕುಮ ಇಡುತ್ತಿರಲಿಲ್ಲ. ಮಹದೇವುವಿನ ತಾಯಿ ಲಕ್ಷ್ಮಮ್ಮ ಮೊದಲ ವರ್ಷವೇ ಅದನ್ನು ಕೇಳಿ ತಿಳಿದುಕೊಂಡು, ಪೆಟ್ಟಿಗೆಯ ಮೇಲೊಂದು ಹೂವಿಟ್ಟು ಸುಮ್ಮನಾಗುತ್ತಿದ್ದರು.

“ಅದನ್ನ ಬಿಚ್ಚಕ್ಕೆ ಏನು ಬೇಕು?” ರವಿಚಂದ್ರ ಕೇಳಿದರು.

ಸಿದ್ದೇಶ್ ಬಾಯಿ ತೆರೆಯುವ ಮೊದಲೇ ಮಹದೇವು ಹೇಳಿದ. “ನಾಕು ಬೋಲ್ಟು ಯಾರು ಬೇಕಾದ್ರೂ ಬಿಚ್ತಾರೆ ಸಾರ್. ಐದನೇದು ಮೇಲ್ಗಡೆ ಸಂದೀಲದೆ. ಅದಕ್ಕೇ ಅಂತ ಇವನು ಒಂದು ಸ್ಪ್ಯಾನರ್ ಕಾಯ್ಸಿ ಬಗ್ಸಿ ಮಡಿಕಂಡವ್ನೆ. ಅದಿಲ್ದೆ ಆಗಲ್ಲ.” ಆಮೇಲೆ ಸಿದ್ದೇಶನ ಹೆಗಲ ಮೇಲೆ ಕೈಯಿಟ್ಟ. “ಆದ್ರೆ ಇವನು ಅಂಥವನಲ್ಲ ಬುಡಿ ಸಾರ್. ನನ್ ತಮ್ಮ ಇದ್ದಂಗೆ.”

ಆ ಕೈ ಬೆಚ್ಚಗಿತ್ತು. ಸಿದ್ದೇಶನಿಗೆ ಧೈರ್ಯ ಬಂತು.

ರವಿಚಂದ್ರ ಹಸಿರು ಪೆಟ್ಟಿಗೆ ತೆರೆದರು. ಅದಕ್ಕೆ ಬೀಗವಿರಲಿಲ್ಲ, ಎಂದೂ ಇರಲಿಲ್ಲ. ಕೊಕ್ಕೆಯಂತೆ ಬಾಗಿದ ಸ್ಪ್ಯಾನರನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದರು. ಅದರ ಕುತ್ತಿಗೆಯ ಬಳಿ ಒಂದು ಬೊಟ್ಟು. ಇಟ್ಟಿಗೆಯ ಕೆಂಪು, ದುಂಡಗೆ, ಎಲ್ಲೂ ಅಳಿಸಿರಲಿಲ್ಲ.

“ಇದೇನಾ?”

“ಇದೇ ಸಾರ್.”

“ಇಂಥ ಸಾಮಾನು ಬೇಕು ಅಂತ ಯಾರಾದ್ರೂ ಕೇಳಿದ್ರಾ?”

“ಸರಸ್ವತಿಪುರಂನಲ್ಲಿ ಲಿಖಿತ್ ಅಂತ ಇದಾರೆ. ಅವರ ಹತ್ರಾನೂ ಇದೇ ಗಾಡಿ ಇದೆ. ಮೂರು ಸಲ ಕೇಳಿದ್ರು.”

“ಯಾರನ್ನ?”

“ನನ್ನನ್ನೇ.”

“ನಿನ್ನನ್ನೇ,” ಎಂದರು ರವಿಚಂದ್ರ. “ನಿನ್ನ ಕೀ. ನಿನ್ನ ಸ್ಪ್ಯಾನರು. ಗಿರಾಕೀನೂ ನಿನ್ನವನೇ. ನನಗೆ ಇನ್ನೇನು ಕೆಲಸ ಉಳಿಸಿದೀಯಯ್ಯಾ?”

ಬಾಗಿಲಲ್ಲಿ ಪದ್ಮಾವತಿ ನಿಂತಿದ್ದರು. ಕೆಸರೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಗಾಡಿಯ ಒಡತಿ. ಗಾಡಿ ಅವರ ತಂದೆಯದು. ಡ್ಯಾಶ್‌ಬೋರ್ಡಿನ ಗೂಡಿನ ಒಳಗೆ ಅವರು ಮೊಳೆಯಿಂದ ‘ಚಿಕ್ಕಮಾದಯ್ಯ’ ಎಂದು ಗೀಚಿಕೊಂಡಿದ್ದರು. ಆ ಒಂದು ಜಾಗಕ್ಕೆ ಬಣ್ಣ ಬಳಿಯಲು ಸಿದ್ದೇಶ್ ಬಿಟ್ಟಿರಲಿಲ್ಲ.

“ದೂರು ಕೊಡೋಳು ನಾನು ತಾನೆ?” ಎಂದರು ಪದ್ಮಾವತಿ. “ಸಂಜೆ ಐದಕ್ಕೆ ಕೊಡ್ತೀನಿ. ಅಲ್ಲೀತನಕ ಇವರನ್ನ ಬಿಡಿ.”

ರವಿಚಂದ್ರ ಗಡಿಯಾರ ನೋಡಿಕೊಂಡರು. “ಐದಕ್ಕೆ ಇಲ್ಲಿರ್ಬೇಕು. ಇಲ್ದಿದ್ರೆ ಮನೆಗೇ ಬರ್ತೀನಿ.”

ಮೆಕ್ಯಾನಿಕ್ಕಿಗೆ ಒಮ್ಮೆ ಕಳ್ಳನೆಂಬ ಹೆಸರು ಬಂದರೆ, ಆ ಬೀದಿಯಲ್ಲಿ ಅವನ ಕೈಗೆ ಯಾರೂ ಪಂಕ್ಚರ್ ಆದ ಸೈಕಲ್ಲನ್ನೂ ಕೊಡುವುದಿಲ್ಲ. ಸಿದ್ದೇಶ್ ಸ್ಕೂಟರಿನ ಕಿಕ್ಕರ್ ಒದ್ದ.

* * *

ಲಿಖಿತ್ ಮನೆಯ ಜಗುಲಿಯಲ್ಲೇ ಅದು ಕೂತಿತ್ತು. ಟ್ರಾನ್ಸ್‌ಫರ್ ಕೇಸ್. ಸಿದ್ದೇಶ್ ಮಂಡಿಯೂರಿ ನೋಡಿದ. ಅಲ್ಲ. ತಾನು ಕೂರಿಸಿದ್ದರ ಅಂಚಿಗೆ ಕಿವಿಯಂತೆ ಚಾಚಿದ ಭಾಗ ಒಂದು ಕಡೆ ಮುರಿದಿತ್ತು, ಅದನ್ನು ಬೆಸೆದ ಗುರುತಿತ್ತು. ಇದರ ಎರಡೂ ಕಿವಿ ಸರಿಯಿದ್ದವು.

“ಪುಣೆಯಿಂದ ತರಿಸಿದೆ,” ಎಂದ ಲಿಖಿತ್. ಮೂವತ್ತರ ಹುಡುಗ, ಹಳೆಯ ಗಾಡಿಗಳ ಹುಚ್ಚು. “ಬಂದು ಮೂರು ವಾರ ಆಯ್ತು. ನೀವು ಕೊಡ್ಲಿಲ್ವಲ್ಲ ಮಹಾರಾಯ್ರೇ, ಗೋಗರೆದರೂ! ಮಾದೇವು ಅವರಿಗೆ ಅವತ್ತೇ ಹೇಳಿದೆ, ನನಗಿನ್ನು ಬೇಡ ಅಂತ.”

“ಮಾದೇವಣ್ಣಂಗೆ ಗೊತ್ತಾ?”

“ಓ, ಗೊತ್ತು. ಅಂದ ಹಾಗೆ, ಕಂಗ್ರಾಟ್ಸ್. ಕೆಸರೇಲಿ ಹೊಸ ಶೆಡ್ಡಂತೆ? ಪದ್ಮಾವತಿ ಮೇಡಂ ಜಾಗದಲ್ಲಿ?”

“ಯಾರು ಹೇಳಿದ್ದು?”

“ಮಾದೇವು ಅವರೇ. ಇವನು ಹೋದ್ರೆ ನನ್ ಗ್ಯಾರೇಜಿಗೆ ಯಾರು ಬರ್ತಾರೆ ಅಂತ ನಗಾಡ್ತಿದ್ರು. ಪೂರ್ತಿ ನಗು ಅಲ್ಲ ಅನ್ನಿ.”

ಸಿದ್ದೇಶ್ ಕಾಫಿ ಮುಟ್ಟದೆ ಎದ್ದ. ಪದ್ಮಾವತಿ ತನಗೆ ಕಟ್ಟಿಸಿಕೊಡುತ್ತೇನೆಂದಿದ್ದ ಆ ಶೆಡ್ಡಿನ ವಿಷಯವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

* * *

ಗ್ಯಾರೇಜಿನ ಹಿಂದಿನ ಗಲ್ಲಿಯಲ್ಲಿ ಲಕ್ಷ್ಮಮ್ಮನ ಮನೆ. ಆಕೆ ಅಕ್ಕಿ ಆರಿಸುತ್ತಿದ್ದರು.

“ಬಾರಪ್ಪ. ಪೋಲೀಸ್ನೋರು ಬಂದಿದ್ರಂತೆ? ಅವರ ಮನೆ ಹಾಳಾಗ. ನಿನ್ ಮುಖ ನೋಡಿದ್ರೆ ಗೊತ್ತಾಗಲ್ವಾ ಅವಕ್ಕೆ?”

“ಅವ್ವ, ಒಂದು ಮಾತು. ಪೂಜೆ ದಿನ ನನ್ನ ಪೆಟ್ಟಿಗೇಲಿರೋ ಸ್ಪ್ಯಾನರಿಗೆ ನೀವೇನಾದ್ರೂ ಬೊಟ್ಟು ಇಟ್ರಾ?”

ಇಟ್ಟೆ ಎನ್ನಲಿ. ಮರೆತು ಇಟ್ಟುಬಿಟ್ಟೆ ಎನ್ನಲಿ. ಸಿದ್ದೇಶ್ ಆಕೆಯ ತುಟಿಯನ್ನೇ ನೋಡಿದ.

“ನಾನ್ಯಾಕಪ್ಪ ಇಡ್ಲಿ? ಅನ್ನೆರಡು ವರ್ಷದಿಂದ ಇಲ್ದಿದ್ದು? ಮೇಲೊಂದು ಊವ ಮಡಗಿದೆ, ಅಷ್ಟೇಯ.”

“ಕುಂಕುಮದ ಭರಣಿ ಗ್ಯಾರೇಜಲ್ಲೇ ಬಿಟ್ಟಿದ್ರಾ?”

“ಅದು ನನ್ ಮದುವೇದು ಕಣಪ್ಪ. ಅಲ್ಲೆಲ್ಲಾರ ಬುಡ್ತೀನಾ? ಸೆರಗಲ್ಲಿ ಕಟ್ಕಂಡು ಬಂದೆ. ಮಾದೇವ ಗಲ್ಲಿ ಬಾಯಿಗಂಟ ಬಂದು, ಗಾಡಿಗೆ ದೃಷ್ಟಿ ತೆಗೀಬೇಕು ಅಂತ ವಾಪಸ್ ಓದ. ಊಟಕ್ಕೆ ಬಂದಾಗ ಮೂರೂವರೆ. ಒಬ್ಬಟ್ಟೆಲ್ಲ ಆರೋಗಿತ್ತು. ನಿಂಗೆ ಎರಡು ಎತ್ತಿಟ್ಟಿವ್ನಿ, ತಿನ್ಕಂಡೋಗು.”

ಸಿದ್ದೇಶ್ ಒಬ್ಬಟ್ಟು ತಿಂದ. ನೀರು ಕುಡಿದು ಇಳಿಸಿದ.

* * *

ಐದಕ್ಕೆ ಐದು ನಿಮಿಷ. ರವಿಚಂದ್ರ ಪಿಕಪ್ಪಿನ ಬಾನೆಟ್ಟಿಗೆ ಒರಗಿದ್ದರು. ಪದ್ಮಾವತಿ ಸ್ಟೂಲಿನ ಮೇಲೆ. ಮಹದೇವು ಬಣ್ಣದ ಡಬ್ಬಗಳ ಬೀರುವಿನ ಮುಂದೆ, ಕೈಕಟ್ಟಿಕೊಂಡು.

“ಏನಯ್ಯಾ, ಸಿಕ್ತಾ?”

“ಸಾರ್, ಆ ಸ್ಪ್ಯಾನರ್ ಒಂದ್ನಿಮಿಷ ಕೊಡಿ.”

ಸಿದ್ದೇಶ್ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಬೊಟ್ಟಿನ ಮೇಲೆ ಉಜ್ಜಿದ. ಬೊಟ್ಟು ಅಲ್ಲಾಡಲಿಲ್ಲ. ಪೂಜೆಯ ಹಲಗೆಯಿಂದ ಸುತ್ತಿಗೆ ಎತ್ತಿ, ಅದರ ಕುಂಕುಮವನ್ನು ಉಜ್ಜಿದ. ಬೆರಳು ಕೆಂಪಾಯಿತು.

“ಇದು ಕುಂಕುಮ,” ಎಂದ. “ನನ್ನ ಸ್ಪ್ಯಾನರ್ ಮೇಲಿರೋದು ರೆಡ್ ಆಕ್ಸೈಡು. ತಗಡಿಗೆ ಮೊದಲು ಹೊಡೀತೀವಲ್ಲ, ಆ ಬಣ್ಣ. ಅವ್ವ ಭರಣಿ ತಗೊಂಡು ಮನೆಗೆ ಹೋಗಿಯಾಗಿತ್ತು. ಕುಂಕುಮ ಬೇಕಾದೋನಿಗೆ ಕುಂಕುಮ ಸಿಗಲಿಲ್ಲ.”

“ಕಳ್ಳ ಯಾಕಯ್ಯಾ ಬೊಟ್ಟು ಇಡ್ತಾನೆ?”

“ಬರೀ ಕಳ್ಳ ಆಗಿದ್ರೆ ಇಡ್ತಿರಲಿಲ್ಲ ಸಾರ್. ಪೂಜೆ ದಿನ ಆಯುಧದ ಕೈಲಿ ಕೆಲಸ ಮಾಡಿಸಬಾರದು. ಇವನು ಮಾಡಿಸಿದ. ಹುಟ್ಟಿದಾಗಿಂದ ಪೂಜೆ ಮಾಡ್ಕೊಂಡು ಬಂದೋನು, ಹಾಗೇ ಬಿಸಾಕಿ ಹೋಗಕ್ಕೆ ಮನಸ್ಸು ಬರಲಿಲ್ಲ. ಒರೆಸಿ, ಬೊಟ್ಟಿಟ್ಟು, ತಪ್ಪಾಯ್ತು ಅಂತ ಕೈಮುಗಿದು ವಾಪಸ್ ಇಟ್ಟ.” ಸಿದ್ದೇಶ್ ಹಸಿರು ಪೆಟ್ಟಿಗೆಯ ಕಡೆ ನೋಡಿದ. “ಯಾರ ಪೆಟ್ಟಿಗೆ ಅನ್ನೋದನ್ನ ಆ ಗಳಿಗೇಲಿ ಮರೆತುಬಿಟ್ಟ.”

ಸಿದ್ದೇಶ್ ಸುತ್ತಿಗೆಯನ್ನು ಹಲಗೆಯ ಮೇಲೆ ವಾಪಸ್ ಇಟ್ಟ.

“ಪೂಜೆ ದಿನ ಈ ಬೀದೀಲಿ ಕುಂಬಳಕಾಯಿ, ಬಾಳೆಕಂದು, ಹೂವಿನ ರಾಶಿ. ಆಟೋ ಇರಲಿ, ಸೈಕಲ್ ನುಗ್ಗಲ್ಲ. ನಲವತ್ತು ಕೆಜಿ ಕಬ್ಬಿಣ ಹೊತ್ಕೊಂಡು ಹೋಗಿದ್ರೆ ಹತ್ತು ಜನ ಕೇಳಿರೋರು. ಅದು ಹೊರಗೆ ಹೋಗೇ ಇಲ್ಲ. ಲಿಖಿತ್‌ಗೆ ಅದು ಬೇಡ ಅಂತ ಗೊತ್ತಿದ್ದ ಮೇಲೆ ಮಾರೋಕೂ ತೆಗೆದಿದ್ದಲ್ಲ. ನನ್ನ ಹೆಸರು ಕೆಡಿಸೋಕೆ ತೆಗೆದಿದ್ದು. ಬಣ್ಣದ ಬೀರು ತೆಗ್ಸಿ ಸಾರ್. ಕೀ ಉಡಿದಾರದಲ್ಲಿದೆ.”

ಯಾರ ಉಡಿದಾರ ಎಂದು ಅವನು ಹೇಳಲಿಲ್ಲ.

ರವಿಚಂದ್ರ ಮಹದೇವುವಿನ ಕಡೆ ತಿರುಗಿದರು. “ಏನ್ರೀ, ತಮ್ಮ ಇದ್ದಂಗೆ ಅಂದ್ರಲ್ಲ?”

ಮಹದೇವು ತಾನೇ ಬೀಗ ತೆಗೆದ. ಕೆಳಗಿನ ಅರೆಯಲ್ಲಿ, ಥಿನ್ನರ್ ಡಬ್ಬಗಳ ಹಿಂದೆ, ಗೋಣಿಚೀಲದೊಳಗೆ ಅದು ಇತ್ತು. ಕಿವಿಯ ಮೇಲೆ ಸಿದ್ದೇಶ್ ಬೆಸೆದ ಗುರುತು. ತುಕ್ಕು ಹಿಡಿಯದಿರಲೆಂದು ಯಾರೋ ಗ್ರೀಸು ಹಚ್ಚಿದ್ದರು.

“ಇವರು ಹೇಳಿದ್ರು,” ಎಂದ ಮಹದೇವು, ಪದ್ಮಾವತಿಯನ್ನು ನೋಡದೆ. “ಶೆಡ್ ಕಟ್ಟಿಸ್ಕೊಡ್ತೀನಿ, ಸಿದ್ದೇಶ್ ಹೋದ್ರೆ ನಿಮಗೆ ಕಷ್ಟ ಆಗಲ್ವಾ ಅಂತ. ಇಲ್ಲ ಅಂದೆ. ನಿದ್ದೆ ಬರ್ಲಿಲ್ಲ ಕಣೋ. ಬರೋರೆಲ್ಲ ನಿನ್ ಹೆಸ್ರೇ ಕೇಳ್ತಾರೆ. ನೀನು ಓದ್ರೆ ನಾನು ಬರೀ ಬಣ್ಣ ಬಳ್ಯೋನು. ಒಂದು ಮಾತು ನನಗೆ ಹೇಳ್ಬೋದಿತ್ತು ನೀನು.”

“ಹೇಳಕ್ಕೇನಿತ್ತು?” ಪದ್ಮಾವತಿಯ ದನಿ ತರಗತಿಯ ದನಿಯಾಗಿತ್ತು. “ಇವರು ಹೋದ ವಾರಾನೇ ಬೇಡ ಅಂದ್ರು. ಗಾಡಿ ಇಳಿದ ದಿನ ಬೋರ್ಡಲ್ಲಿ ನನ್ನ ಹೆಸರು ಬರುತ್ತೆ ಮೇಡಂ, ಮಾದೇವಣ್ಣನ್ನ ಬಿಟ್ಟು ಬರಲ್ಲ ಅಂದ್ರು.”

ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಕುಂಯ್ಗುಟ್ಟಿತು. ಮಹದೇವು ಮತ್ತೆ ಬೀರುವಿನೊಳಗೆ ಕೈ ಹಾಕಿ, ಮೇಲಿನ ಅರೆಯ ಹಿಂಬದಿಗೆ ಒರಗಿಸಿಟ್ಟಿದ್ದ ತಗಡೊಂದನ್ನು ಎಳೆದ. ಹಳೇ ಪೇಪರು ಬಿಚ್ಚಿದ.

ನೀಲಿ ಹಿನ್ನೆಲೆ, ಹಳದಿ ಅಕ್ಷರ. ‘ಮಹದೇವು – ಸಿದ್ದೇಶ್’. ಎರಡು ಹೆಸರೂ ಒಂದೇ ಅಳತೆ. ನೆರಳು ಕೊಟ್ಟು, ಅಂಚು ತಿದ್ದಿ, ಮಹದೇವು ತನ್ನ ಜೀವಮಾನದಲ್ಲಿ ಬರೆದ ಅತ್ಯಂತ ಚಂದದ ಅಕ್ಷರ.

ಸಿದ್ದೇಶ್ ತನ್ನ ಹೆಸರನ್ನು ಮುಟ್ಟಿದ. ಒಣಗಿ ತಿಂಗಳುಗಳೇ ಆಗಿದ್ದವು. ಪೇಪರಿನ ಮೇಲೆ ಯುಗಾದಿಯ ಜಾಹೀರಾತಿತ್ತು.

ಮೇಲಿನ ಅರೆಯಲ್ಲಿ ಈ ಬೋರ್ಡು ಇಟ್ಟುಕೊಂಡೇ ಮಹದೇವು ಕೆಳಗಿನ ಅರೆಗೆ ಕದ್ದ ಕಬ್ಬಿಣ ತುಂಬಿದ್ದ.

“ದೂರು ಬರೀತೀರಾ ಮೇಡಂ?” ರವಿಚಂದ್ರ ಮೆಲ್ಲಗೆ ಕೇಳಿದರು.

“ಬರೀತೀನಿ. ಪೆನ್ನು ಕೊಡಿ.”

ಮಹದೇವುವಿಗೆ ಅದು ಕೇಳಿಸಿದಂತಿರಲಿಲ್ಲ. ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಕೊಡುವವನಂತೆ ಮುಂದೆ ಚಾಚಿದ.

“ತಗೋ ಕಣೋ. ನಾನೆಲ್ಲಿಗೆ ಓದ್ರೂ ಓಗ್ತೀನಿ. ನೀನು ನಡೆಸು. ಇವತ್ತೇ ಆಕ್ಬುಡು. ನಿನ್ ಹೆಸರು ಮೊದಲು ಬೇಕಾದ್ರೆ ಅಂಗೇ ಬರ್ಕೊಡ್ತೀನಿ. ತಗೋ ಸಿದ್ದೇಶ.”

ಸಿದ್ದೇಶ್ ಬಗ್ಗಿದ ಸ್ಪ್ಯಾನರನ್ನು ರವಿಚಂದ್ರರ ಕೈಗೆ ಹಿಂತಿರುಗಿಸಿದ. ಹಸಿರು ಪೆಟ್ಟಿಗೆಯ ಮುಚ್ಚಳ ಹಾಕಿ, ಬಾಡಿದ ಹೂವನ್ನು ಪಕ್ಕಕ್ಕಿಟ್ಟ. ಪೆಟ್ಟಿಗೆ ಎತ್ತಿಕೊಂಡ.

“ಬೇಡ,” ಎಂದ.