ಗೋಡೆಯ ಮೇಲಿನ ಹಸಿರು ಬಳೆ

"ಕೈಯಾಗಿನ ಒಂದು ಬಳಿ ತೆಗೆದು ಕೊಡ್ರಿ."

ಪರಿಚಯವಾಗಿ ಹತ್ತು ನಿಮಿಷವೂ ಆಗದ ಗಂಡಸು ಹೀಗೆ ಕೇಳಿದರೆ ಹಾಲಹರವಿಯಲ್ಲಿ ಸಾಮಾನ್ಯವಾಗಿ ಚಪ್ಪಲಿಯೇ ಉತ್ತರ. ಹಾರಿಕಾ ಆಗಲೇ ಬಗ್ಗಿದ್ದಳು...

"ನನಗಲ್ಲರೀ! ನಿಮ್ಮ ಗ್ವಾಡಿಗೆ!"

ಅವನ ಹೆಸರು ಆಂಜಿನೇಯ. ಮನೆ ರಿಪೇರಿಯ ಕಾಂಟ್ರಾಕ್ಟರ್. ಅಜ್ಜಿ ಉಚ್ಚಮ್ಮನೊಂದಿಗೆ ತಾನಿದ್ದ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಹೊಲಿಗೆ ಅಂಗಡಿ ತೆರೆಯಬೇಕೆಂದು ಹಾರಿಕಾ ಕರೆಸಿದ ಎರಡನೆಯವನು. ಮೊದಲನೆಯವನು ಅಳತೆಗೆಂದು ಬಾಗಿಲು ಕಿತ್ತುಕೊಂಡು ಹೋಗಿ, ಬಾಗಿಲ ಸಮೇತ ನಾಪತ್ತೆಯಾಗಿದ್ದ. ಅಂದಿನಿಂದ ಅವಳಿಗೆ, ತನ್ನದೇ ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ, ಅಳತೆ ತೆಗೆಯುವ ಗಂಡಸರೆಂದರೆ ನಂಬಿಕೆಯಿಲ್ಲ.

ಹಿಂಗೋಡೆಯಲ್ಲಿ ನೆಲದಿಂದ ಜಂತಿಯವರೆಗೆ ಒಂದು ಬಿರುಕು. ಒಳಗಿನಿಂದ ಯಾರೋ ಉಗುರಲ್ಲಿ ಕೆರೆಯುತ್ತಿರುವಂತೆ ಮಣ್ಣು ಸಣ್ಣಗೆ ಉದುರುತ್ತಿತ್ತು.

"ಬಿರುಕು ಸತ್ತೈತೋ, ಇನ್ನ ಜೀವಂತ ಐತೋ ನೋಡಬೇಕ್ರಿ. ಅದರ ಮ್ಯಾಲೆ ಗಾಜು ಕೂಡಿಸ್ತೀವಿ. ಗ್ವಾಡಿ ಅಲುಗಿದ್ರ ಗಾಜು ಮುರೀತೈತಿ. ಇವತ್ತು ಚೀಲದಾಗ ಗಾಜಿಲ್ಲ."

'ಜೀವಂತ...!' ಹಾರಿಕಾ ಬಿರುಕಿನಿಂದ ಹಿಂದೆ ಸರಿದಳು. ಒಂದು ಹಸಿರು ಬಳೆ ಕಳಚಿ ಕೊಟ್ಟಳು. ಅವನು ಅದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ಕಡೆ ಸಿಮೆಂಟ್ ಮೆತ್ತಿದ.

"ಹೆಣ್ಮಗಳ ಬಳಿ ಗ್ವಾಡಿಗೆ?" ಉಚ್ಚಮ್ಮ ಕಣ್ಣು ಕೆಂಪಗೆ ಮಾಡಿದಳು. "ಅದಕ್ಕೇನರ ಆದ್ರ ಮನಿಗೆ ಕೇಡು, ತಿಳೀತೇನಪಾ?"

"ಹೌದಜ್ಜಿ. ಅದನ್ನ ತಿಳಕೊಳ್ಳಾಕ ಇಟ್ಟೀನಿ."

ಮರುದಿನದಿಂದ ಆಂಜಿನೇಯ ದಿನವೂ ಬಂದ. ಬಳೆ ನೋಡುತ್ತಿದ್ದ. ಚಹಾ ಕುಡಿಯುತ್ತಿದ್ದ. ಹೋಗುತ್ತಿದ್ದ. ಓಣಿಯವರು ಗೋಡೆಯ ಸುದ್ದಿ ಬಿಟ್ಟು ಹುಡುಗಿಯ ಸುದ್ದಿ ಹಿಡಿದರು. ಅವನ ಬೈಕಿನ ಸದ್ದು ಹಾರಿಕಾಗೆ ಊರ ಅಗಸೆಯಿಂದಲೇ ಗುರುತು ಸಿಗತೊಡಗಿತ್ತು. ಅದನ್ನು ಮಾತ್ರ ಅವಳು ಓಣಿಗೆ ಹೇಳಲಿಲ್ಲ.

ಬಳೆ ಹಾಗೇ ಇತ್ತು. ಮನೆಯ ಬೆಕ್ಕು ಮಾತ್ರ ಆ ಗೋಡೆಯ ಬುಡದಲ್ಲಿ ಮಲಗುವುದನ್ನು ಬಿಟ್ಟಿತ್ತು...

ಆಗ ಆದೋನಿಯಿಂದ ಬಂದ ಇನ್ನೊಬ್ಬ ಕಾಂಟ್ರಾಕ್ಟರ್, ಲಕ್ಷ್ಮಿಕಾಂತ್. ಅವನ ಮೊಬೈಲಿನಲ್ಲಿ ಹಾರಿಕಾಳ ಅಂಗಡಿ ಆಗಲೇ ಕಟ್ಟಿ ಮುಗಿದು, ಗಾಜಿನ ಬಾಗಿಲು ಹಾಕಿಕೊಂಡು ಥಳಥಳ ಹೊಳೆಯುತ್ತಿತ್ತು.

"ಏಂ ಕಾದಮ್ಮಾ, ಏನೂ ಆಗಂಗಿಲ್ಲ! ಪುಟ್ಟಿ ಹಚ್ಚಿ ಪೇಂಟ್ ಹೊಡದ್ರ ಬಿರುಕು ಎಲ್ಲಿತ್ತಂತ ನೀನ ಹುಡುಕಬೇಕು. ಆತ ಹೆದರ್ಸಿ ಹೆದರ್ಸಿ ಇಡೀ ಮನಿ ಕೆಡವೋ ಕೆಲಸ ಹಿಡಿತಾನ. ಇಲ್ಲಾಂದ್ರ ದಿನಾ ಯಾಕ ಬರ್ತಾನ?"

ದಿನಾ ಯಾಕ ಬರ್ತಾನ... ಅದೇ ಪ್ರಶ್ನೆಗೆ ಹಾರಿಕಾ ಮನಸ್ಸಿನೊಳಗೆ ಬೇರೆಯೇ ಉತ್ತರ ಇಟ್ಟುಕೊಂಡಿದ್ದಳು. ಅದಕ್ಕೇ ಅಷ್ಟು ಉರಿಯಿತು.

ಸಂಜೆ ಆಂಜಿನೇಯನನ್ನು ಬಾಗಿಲಿಲ್ಲದ ಹೊಸ್ತಿಲಲ್ಲೇ ತಡೆದಳು.

"ನಾಳೆ ಪುಟ್ಟಿ ಹಚ್ಚೋರು ಬರ್ತಾರ. ನೀವಿನ್ನ ಬರಬ್ಯಾಡ್ರಿ."

ಅವನು ಅವಳ ಹೆಗಲಾಚೆ ಗೋಡೆಯ ಮೇಲಿನ ಬಳೆಯತ್ತ ನೋಡಿದ. "ನಿಮ್ಮನಿ, ನಿಮ್ಮಿಷ್ಟ. ಆದ್ರ ಇದು ಎರಿ ನೆಲ. ಮಳಿ ಬಿದ್ರ ಉಬ್ಬತೈತಿ. ಬಳಿ ಮುರೀತಂದ್ರ ಅಜ್ಜೀನ ಕರಕೊಂಡು ಹೊರಗ ಬಂದುಬಿಡ್ರಿ. ನನ್ನ ಕರೀಬೇಕಂತೇನಿಲ್ಲ."

ಇರುಳೆಲ್ಲ ಮಳೆ ಹೊಯ್ಯಿತು. ಬೆಳಗಾದರೂ ಬೆಳಕಾಗಲಿಲ್ಲ. ಹೊಲಿಗೆ ಮಷಿನ್ ತುಳಿಯುತ್ತಿದ್ದ ಹಾರಿಕಾ, ಗೋಡೆಯ ಕಡೆಯಿಂದ ಸದ್ದು ಕೇಳಿ ಕಾಲು ನಿಲ್ಲಿಸಿದಳು.

ಟಿಣ್!

ಅಷ್ಟೇ. ಬಳೆ ಎರಡಾಗಿತ್ತು.

"ಅಜ್ಜೀ, ಏಳು! ಬಳಿ ಒಡೀತು!"

"ಒಡೀತು ಅನಬಾರದವ್ವಾ, ಹೆಚ್ಚಿತು ಅನಬೇಕು." ಅದೇ ಗೋಡೆಗೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದ ಉಚ್ಚಮ್ಮ ನಿಧಾನವಾಗಿ ತಿದ್ದಿದಳು.

"ಏನರ ಅನ್ನು, ಹೊರಗ ಬಾ!"

ಎಳೆದಳು. ಜಂತಿ ನರಳಿತು. ಹೊಸ್ತಿಲಲ್ಲಿ ಎದುರಿನಿಂದ ಬಂದ ಎರಡು ಕೈಗಳು ಅಜ್ಜಿಯನ್ನು ಅನಾಮತ್ತು ಎತ್ತಿಕೊಂಡವು. ಆಂಜಿನೇಯ! ಮೂವರೂ ಬೀದಿಗೆ ಬೀಳುವುದಕ್ಕೂ, ಹಿಂಗೋಡೆ ಕುಸಿದು ಮಾಳಿಗೆಯ ಮಣ್ಣೆಲ್ಲ ಅದರ ಮೇಲೆ ಸುರಿಯುವುದಕ್ಕೂ ಸರಿಹೋಯಿತು. ಅಜ್ಜಿ ಕೂತಿದ್ದ ಜಾಗವೇ ಇರಲಿಲ್ಲ.

ಉಚ್ಚಮ್ಮನಿಗೆ ಏನನ್ನೂ ತಿದ್ದಲು ತೋಚಲಿಲ್ಲ.

"ಕರೀಬೇಕಂತಿಲ್ಲ ಅಂದಿದ್ರಿ..." ಹಾರಿಕಾ ತಲೆಯ ಮಣ್ಣು ಕೊಡವಿಕೊಂಡಳು. "ಮತ್ತ ಯಾಕ ಬಂದ್ರಿ?"

"ಮಳಿ ನಿಲ್ಲಲಿಲ್ಲಲ್ರೀ. ಬೈಸಿಕೊಂಡಾದ್ರೂ ನಿಮ್ಮನ್ನ ಹೊರಗ ಕರೀಬೇಕಂತ ಬಂದೆ."

"ನಿಮ್ಮನ್ನ ನಂಬಬೇಕಿತ್ತು ನಾನು..."

"ಪೂರಾ ನಂಬಬ್ಯಾಡ್ರಿ. ಒಂದು ಸುಳ್ಳು ಹೇಳೀನಿ."

ಅವಳಿಗೆ ಬಾಗಿಲು ಒಯ್ದವನು ನೆನಪಾದ. 'ಇವನೂನಾ...?'

ಅವನು ಚೀಲಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಗಾಜಿನ ಪಟ್ಟಿಗಳನ್ನು ತೆಗೆದು ತೋರಿಸಿದ.

"ಅವತ್ತೂ ಇದ್ವು."

ಹಾರಿಕಾ ಗಾಜು ನೋಡಿದಳು. ಒಂದು ಬಳೆ ಕಡಿಮೆಯಿದ್ದ ತನ್ನ ಕೈ ನೋಡಿಕೊಂಡಳು.

"ಮತ್ತ ಯಾಕ ಕೇಳಿದ್ರಿ?"

"ಏನರ ಒಂದು ಕೇಳಬೇಕನಿಸ್ತು. ಬಾಯಿಗೆ ಬಂದದ್ದು ಬಳಿ. ಪೂರಾ ಹೇಳೂದ್ರಾಗ ನೀವು ಚಪ್ಪಲಿಗೆ ಬಗ್ಗಿದ್ರಿ..."

"ಈಗ ಬರಿಗಾಲಾಗ ಅದೀನಿ. ಹೇಳ್ರಿ!"

"ನನಗ... ನೀವು ಬೇಕ್ರಿ."

ಅವಳು ತಲೆ ತಗ್ಗಿಸಿದಳು. "ಗ್ವಾಡಿ ನೀವ ಕಟ್ಟಬೇಕು. ನನ್ನ ಬಳೀನೂ ನೀವ ತರಬೇಕು."

"ತರ್ತೀನಿ. ಎಷ್ಟು ದೊಡ್ಡದು?"

ಹಾರಿಕಾ ಕೊರಳ ಟೇಪು ತೆಗೆದು ಅವನ ಕೈಗಿಟ್ಟಳು. ಆಮೇಲೆ ತನ್ನ ಕೈ ಚಾಚಿದಳು.

"ಅಳತಿ ತಗೋರಿ..."